ಕ್ಯಾಲೆಂಡರಿನಲ್ಲಿ ಸಿಕ್ಕಿಬಿದ್ದ ಉರಿಮೂತ್ರ

ನಮ್ಮ ಮೂಡಿಗೆರೆ ಕಡೆ ಉರಿಮೂತ್ರ ಅಂದರೆ ಸಾಕು, ‘ಉಷ್ಣ ಆಗಿದೆ’ ಅನ್ನುತ್ತಾರೆ. ನನಗೂ ಬಾರ್ಲಿ ನೀರು, ಎಳನೀರು, ಜೀರಿಗೆ ಕಷಾಯ ಎಲ್ಲ ಆಯಿತು. ಆಮೇಲೆ ಇನ್ಫೆಕ್ಷನ್ ಅಂತ ಮೇಲಿಂದ ಮೇಲೆ ಆಂಟಿಬಯೋಟಿಕ್. ನಾಲ್ಕೈದು ದಿನಕ್ಕೆ ಉರಿ ಇಳಿಯುತ್ತಿತ್ತು, ಮಾತ್ರೆಗೆ ಹೆಸರು ಬರುತ್ತಿತ್ತು. ಅಸಲಿಗೆ ಅಷ್ಟೊತ್ತಿಗೆ ಮುಟ್ಟು ಮುಗಿದಿರುತ್ತಿತ್ತು, ಅಷ್ಟೇ.

ಅನುಮಾನ ಬಂದದ್ದು ಹಳೆಯ ಯೂರಿನ್ ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ರಿಪೋರ್ಟುಗಳನ್ನು ಒಟ್ಟಿಗೆ ಹರಡಿಕೊಂಡು ಕೂತಾಗ. ಎಲ್ಲದರಲ್ಲೂ ‘ನೋ ಗ್ರೋತ್’. ಮಾತ್ರೆ ಶುರು ಮಾಡುವ ಮೊದಲೇ ಕೊಟ್ಟ ಸ್ಯಾಂಪಲ್ ಅವು. ಬ್ಯಾಕ್ಟೀರಿಯಾವೇ ಬೆಳೆದಿಲ್ಲ ಅಂದಮೇಲೆ ಇನ್ಫೆಕ್ಷನ್ ಎಲ್ಲಿಂದ ಬಂತು, ಅಲ್ವಾ?

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ಮುಟ್ಟಿನ ದಿನಕ್ಕೆ ಕೆಂಪು ಚುಕ್ಕೆ. ಉರಿ ಇದ್ದ ದಿನ ನೀಲಿ ಪೆನ್ನಿನಲ್ಲಿ ‘ಉ’, ಪಕ್ಕದಲ್ಲಿ ಹತ್ತಕ್ಕೆ ಎಷ್ಟು ನೋವು ಅನ್ನುವ ಅಂಕಿ. ಮೂತ್ರ ತುಂಬಿದಾಗ ನೋವೋ, ಹೋಗುವಾಗಲೋ, ಮುಗಿದ ಮೇಲೋ ಅನ್ನುವುದೂ ಚಿಕ್ಕದಾಗಿ. ಬಣ್ಣ ಕೆಂಪಗಿದ್ದರೆ ಅದೂ. ‘ಇನ್ನು ಹಾಲಿನ ಲೆಕ್ಕ ಎಲ್ಲಿ ಬರೆಯೋದು?’ ಅಂತ ಅತ್ತೆ ಗೊಣಗಿದರು. ಕೆಲವು ತಿಂಗಳಿಗೆ ಚಿತ್ರ ಸ್ಪಷ್ಟವಾಯಿತು. ‘ಉ’ಗಳೆಲ್ಲ ಕೆಂಪು ಚುಕ್ಕೆಗಳ ಅಕ್ಕಪಕ್ಕವೇ. ತಿಂಗಳ ನಡುವೆ ಹಾಳೆ ಖಾಲಿ.

ಆ ಹಾಳೆಗಳನ್ನು ಹರಿದುಕೊಂಡು ಹಾಸನದ ಬಸ್ಸು ಹತ್ತಿದೆ. ಬೇಲೂರು ಬರುವಷ್ಟರಲ್ಲಿ ಮೂತ್ರ ಕಟ್ಟಿ, ರಸ್ತೆಯ ಒಂದೊಂದು ಉಬ್ಬಿಗೂ ಕಿಬ್ಬೊಟ್ಟೆಗೆ ಚುಚ್ಚಿದಂತಾಗುತ್ತಿತ್ತು. ಇದನ್ನೂ ಡಾಕ್ಟರಿಗೆ ಹೇಳಿದೆ. ತುಂಬಿದಾಗ ನೋವು ಜಾಸ್ತಿಯಾಗುವುದು ಕೂಡ ಒಂದು ಸುಳಿವೇ.

ಸ್ತ್ರೀರೋಗ ತಜ್ಞೆ ಹಾಳೆ ನೋಡಿದವರೇ ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನ್ ಬರೆದರು. ಮೂತ್ರಕೋಶ ಪೂರ್ತಿ ಖಾಲಿ ಮಾಡಬೇಡಿ, ಸ್ವಲ್ಪ ಮೂತ್ರ ಇದ್ದರೆ ಅದರ ಗೋಡೆಯಲ್ಲಿ ಗಂಟಿದ್ದರೆ ಎದ್ದು ಕಾಣುತ್ತದೆ ಅಂದರು. ಕಂಡಿತು. ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಬೇರೆ ಕಡೆ ಬೆಳೆಯುವ ಕಾಯಿಲೆ. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10% ಮಂದಿಗೆ ಇದೆ. ಅವರಲ್ಲಿ ಮೂತ್ರದ ದಾರಿಗೆ ಬರುವುದು ನೂರಕ್ಕೆ ಒಬ್ಬರಿಗೆ ಅನ್ನುವಷ್ಟು ಅಪರೂಪ. ಬಂದರೆ ಹೆಚ್ಚಾಗಿ ಮೂತ್ರಕೋಶದಲ್ಲೇ. ಆಮೇಲೆ ಎಂಆರ್‌ಐ ಆಯಿತು. ಕಿಡ್ನಿಗಳನ್ನೂ ನೋಡಿದರು. ಇದು ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳವನ್ನು ಅಮುಕಿದರೆ ನೋವೇ ಇಲ್ಲದೆ ಕಿಡ್ನಿ ಕೆಡಬಹುದು. ಹಾಗಾಗಿ ಕಿಡ್ನಿಯ ಸ್ಕ್ಯಾನ್ ಬಿಡಬೇಡಿ.

ಡೈನೊಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ, 2 ಮಿ.ಗ್ರಾಂ., ಕೊಟ್ಟರು, ದಿನಕ್ಕೊಂದು. ಮೊದಮೊದಲು ಹೊತ್ತಲ್ಲದ ಹೊತ್ತಿಗೆ ರಕ್ತದ ಕಲೆ ಕಂಡು ರೇಗಿಹೋಯಿತು. ಆಮೇಲೆ ಮುಟ್ಟು ನಿಂತಿತು, ಉರಿಯೂ ತಗ್ಗಿತು. ಕಾಫಿ ನಾಡಿನಲ್ಲಿದ್ದು ಕಾಫಿ ಬಿಡಿ ಅಂದರೆ ಹೇಗೆ? ಅರ್ಧ ಲೋಟಕ್ಕೆ ಇಳಿಸಿದ್ದೇನೆ. ಕೆಫೀನ್ ಕೆಲವರ ಮೂತ್ರಕೋಶವನ್ನು ಕೆರಳಿಸುತ್ತದೆ, ನನಗಂತೂ ಹೌದು.

ಮಾತ್ರೆ ಗಂಟನ್ನು ಅಡಗಿಸಿಡುತ್ತದೆ, ಕಿತ್ತು ಹಾಕುವುದಿಲ್ಲ. ಬಿಟ್ಟರೆ ನೋವು ಮರಳಬಹುದು. ಮಗು ಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ, ಮೊದಲೇ ಹೇಳಿಬಿಡಿ. ಆಪರೇಷನ್ ಅಂದರೆ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಮೂತ್ರಕೋಶದ ಆ ತುಂಡನ್ನು ತೆಗೆದು ಹೊಲಿಯುತ್ತಾರೆ. ಒಂದೆರಡು ವಾರ ಕ್ಯಾಥೆಟರ್ (ಮೂತ್ರ ಹೊರಗೆ ಹರಿಸುವ ನಳಿಕೆ) ಇರುತ್ತದೆ. ನಾನು ಸದ್ಯಕ್ಕೆ ಅದನ್ನು ಮುಂದಕ್ಕೆ ಹಾಕಿದ್ದೇನೆ.

ಜ್ವರ, ಚಳಿ ಬಂದರೆ ಮಾತ್ರ ಕ್ಯಾಲೆಂಡರ್ ನೋಡುತ್ತಾ ಕೂರುವುದಿಲ್ಲ. ಅದು ನಿಜವಾದ ಇನ್ಫೆಕ್ಷನ್ ಇರಬಹುದು, ಅವತ್ತೇ ಡಾಕ್ಟರ ಹತ್ತಿರ ಹೋಗುತ್ತೇನೆ.