ಸ್ಕ್ರೀನ್ ಮೆಶ್ ಎಲ್ಲಿ ಹರಿದಿದೆ ಅಂತ ಮೊದಲು ನೋಡಿ

ನಾನು ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಮದುವೆ ಕಾರ್ಡು, ಬಟ್ಟೆ ಚೀಲ ಪ್ರಿಂಟ್ ಮಾಡುತ್ತೇನೆ. ಮೆಶ್ ಅಂದರೆ ಫ್ರೇಮಿಗೆ ಬಿಗಿದು ಕಟ್ಟುವ ಬಲೆಯಂಥ ಬಟ್ಟೆ, ಇದರ ಮೂಲಕವೇ ಶಾಯಿ ಕೆಳಗಿಳಿಯುವುದು. ಚೀಲಕ್ಕೆ 43ರ ಮೆಶ್, ಕಾರ್ಡಿಗೆ 120ರದ್ದು. ಅಂದರೆ ಸೆಂಟಿಮೀಟರಿಗೆ 120 ಎಳೆ. ಅಷ್ಟು ತೆಳು ಎಳೆ ಬೇಗ ಹರಿಯುತ್ತದೆ. ಹರಿದ ಕೂಡಲೇ ಕಿತ್ತು ಬಿಸಾಕಬೇಡಿ. ಎಲ್ಲಿ ಹರಿದಿದೆ ಅಂತ ನೋಡಿದರೆ ಯಾಕೆ ಹರಿಯಿತು ಅನ್ನುವುದು ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಮೂಲೆಯಲ್ಲಿ ಹರಿದರೆ ಎಳೆದು ಕಟ್ಟಿದ್ದು ಸರಿಯಿಲ್ಲ. ಮೂಲೆಗೆ ಎರಡೂ ಕಡೆಯ ಎಳೆತ ಬೀಳುತ್ತದೆ. ಹಾಗಾಗಿ ಕ್ಲಾಂಪ್ ಹಾಕುವಾಗ ಮೂಲೆ ಹತ್ತಿರ ಮೆಶ್ಶನ್ನು ತುಸು ಸಡಿಲ ಬಿಡುತ್ತೇನೆ. ಒಂದೇ ಸಲಕ್ಕೆ ಬಿಗಿ ಮಾಡುವುದಿಲ್ಲ. ಸ್ವಲ್ಪ ಎಳೆದು, ಹತ್ತು ನಿಮಿಷ ಸುಮ್ನೆ ಬಿಟ್ಟು, ಮತ್ತೆ ಎಳೆಯುತ್ತೇನೆ. ಅದಕ್ಕೂ ಮುಂಚೆ ಫ್ರೇಮಿನ ಒಳ ಅಂಚಿಗೆ ಬೆರಳಾಡಿಸಿ ನೋಡುತ್ತೇನೆ. ಹಳೇ ಅಂಟಿನ ಚೂರು, ವೆಲ್ಡಿಂಗಿನ ಮುಳ್ಳು ಸಿಕ್ಕರೆ ಅರ ಹಾಕಿ ಉಜ್ಜಿ ತೆಗೆಯುತ್ತೇನೆ.

ಫ್ರೇಮಿನ ಪಕ್ಕಕ್ಕೇ ಉದ್ದಕ್ಕೆ ಹರಿದಿದ್ದರೆ ಸ್ಕ್ವೀಜಿ, ಅಂದರೆ ಶಾಯಿ ಎಳೆಯುವ ರಬ್ಬರ್ ಪಟ್ಟಿಯ ಅಗಲ ಜಾಸ್ತಿಯಾಗಿದೆ. ಎರಡೂ ಕಡೆ ಮೂರು ಇಂಚಾದರೂ ಜಾಗ ಬಿಡಬೇಕು. ಸ್ಕ್ವೀಜಿ ರಬ್ಬರಿನ ಎರಡು ತುದಿಯನ್ನೂ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಗುಂಡಗೆ ಮಾಡಿಟ್ಟುಕೊಂಡಿದ್ದೇನೆ.

ನಡುವೆ ನೇರ ಗೆರೆ ಹಾಗೆ ಸೀಳಿದರೆ ಎಮಲ್ಷನ್ (ಡಿಸೈನ್ ಮೂಡಿಸಲು ಮೆಶ್‌ಗೆ ಬಳಿಯುವ ಲೇಪ) ಹಚ್ಚುವ ತೊಟ್ಟಿಯಂಥ ಕೋಟರನ್ನು ಅನುಮಾನಿಸಿ. ಅದರ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚು ಇದ್ದರೂ ಬ್ಲೇಡಿನಂತೆ ಕೊಯ್ಯುತ್ತದೆ. ಒಂದು ತುಂಡು ಹತ್ತಿಯನ್ನು ಅಂಚಿನುದ್ದಕ್ಕೂ ಎಳೆಯಿರಿ. ಕಚ್ಚು ಇದ್ದಲ್ಲಿ ಹತ್ತಿಯ ನಾರು ಸಿಕ್ಕಿಕೊಂಡು ನಿಲ್ಲುತ್ತದೆ. ಇದನ್ನು ಪ್ರತಿ ಸಲ ಮಾಡಿ, ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಚುಕ್ಕಿಯಂಥ ತೂತಾದರೆ ಕೆಳಗೆ ಏನೋ ಸಿಕ್ಕಿಕೊಂಡಿತ್ತು ಅಂತಲೇ ಅರ್ಥ. ಮರಳು ಕಣ, ಗುಂಡುಪಿನ್ನು, ಇಲ್ಲವೇ ಚೀಲದ ದಪ್ಪ ಹೊಲಿಗೆ. ಚೀಲದೊಳಗೆ ರಟ್ಟು ತೂರಿಸುತ್ತೇನೆ, ಹೊಲಿಗೆ ರಟ್ಟಿನಿಂದ ಆಚೆಗೆ ಇಳಿದುಬಿಡುತ್ತದೆ.

ಇನ್ನು ತೊಳೆಯುವ ವಿಚಾರ. ಎಮಲ್ಷನ್ ತೆಗೆಯುವ ದ್ರಾವಣ ಮೆಶ್ ಮೇಲೆ ಒಣಗಲೇಬಾರದು. ಒಣಗಿದರೆ ಎಮಲ್ಷನ್ ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಬರುವುದಿಲ್ಲ, ಉಜ್ಜಿ ಉಜ್ಜಿ ಮೆಶ್ಶೇ ಹೋಗುತ್ತದೆ. ಕಲೆ ತೆಗೆಯುವ ಕಾಸ್ಟಿಕ್ ಪೇಸ್ಟಂತೂ ಪಾಲಿಯೆಸ್ಟರ್ ಎಳೆಯನ್ನೇ ತಿನ್ನುತ್ತದೆ. ಡಬ್ಬಿ ಮೇಲೆ ಬರೆದ ಹೊತ್ತಿಗಿಂತ ಒಂದು ನಿಮಿಷವೂ ಹೆಚ್ಚು ಬಿಡಬೇಡಿ.

ತೊಳೆದ ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸುವುದಿಲ್ಲ. ಮೂಲೆ ತಾಗಿದರೆ ಸಾಕು, ಮೆಶ್ ಸೀಳುತ್ತದೆ. ಗೂಡು ಮಾಡಿಸಿ ನೆಟ್ಟಗೆ ನಿಲ್ಲಿಸಿದ್ದೇನೆ.