ಒಂಟಿ ಗುಂಡಿನ ಕೈಬಂದೂಕಿಗೆ ನಾನು ತೋಟಾ ಆರಿಸಿದ ಬಗೆ

ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದ ಕಾಡಿಗೆ ನವೆಂಬರ್ ತಿಂಗಳಲ್ಲಿ ಜಿಂಕೆ ಬೇಟೆಗೆ ಹೋಗುವಾಗ ನಾನು ರೈಫಲ್ ಒಯ್ಯುವುದಿಲ್ಲ. ನನ್ನ ಹೆಗಲಲ್ಲಿ ತೂಗುವುದು ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ, ನಡುವೆ ಮಡಚಿ ತೆರೆಯುವ, 14 ಅಂಗುಲದ ನಳಿಗೆಯ ಥಾಂಪ್ಸನ್ ಸೆಂಟರ್ ಕಂಟೆಂಡರ್ ಕೈಬಂದೂಕು. 1967ರಲ್ಲಿ ಮಾರುಕಟ್ಟೆಗೆ ಬಂದ ಈ ಬಂದೂಕಿನ ವಿಶೇಷವೆಂದರೆ, ಮುಂದಿನ ಮರದ ಹಿಡಿಯನ್ನು ಕಳಚಿ ಕೀಲಿನ ಮೊಳೆಯೊಂದನ್ನು ತಳ್ಳಿದರೆ ನಳಿಗೆ ಕೈಗೆ ಬರುತ್ತದೆ, ಅದರ ಜಾಗದಲ್ಲಿ ಬೇರೊಂದು ತೋಟಾದ ನಳಿಗೆಯನ್ನು ಕೂರಿಸಬಹುದು. ಗುರಿ ಹಿಡಿಯುವ ದೂರದರ್ಶಕವು ನಳಿಗೆಯ ಮೇಲೆಯೇ ಇರುವುದರಿಂದ ಗುರಿಯ ಹೊಂದಾಣಿಕೆಯೂ ಕೆಡುವುದಿಲ್ಲ. ಈ ಸೌಕರ್ಯವೇ ನನ್ನನ್ನು ನಾಲ್ಕು ವರ್ಷ ಅಲೆದಾಡಿಸಿತು. ಒಂದೇ ನಳಿಗೆ ಇದ್ದಿದ್ದರೆ ಇರುವುದರಲ್ಲಿ ಹೊಂದಿಕೊಳ್ಳುತ್ತಿದ್ದೆ.

ಮುಂದೆ ಗೊಂದಲವಾಗದಂತೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ತೋಟಾ ಎನ್ನುವುದು ಹೊರಗಿನ ಕೋಶ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಮದ್ದು, ಗುಂಡು ನಾಲ್ಕೂ ಸೇರಿದ ಇಡೀ ವಸ್ತುವಿಗೆ. ಗುಂಡು ಎನ್ನುವುದು ನಳಿಗೆಯಿಂದ ಹಾರಿಹೋಗುವ ಲೋಹದ ತುಂಡಿಗೆ ಮಾತ್ರ. ಈ ಎರಡನ್ನೂ ಒಂದೆಂದು ಭಾವಿಸಿದ್ದೇ ನನ್ನ ಮೊದಲ ತಪ್ಪುಗಳಿಗೆ ಮೂಲವಾಯಿತು.

ನಾನು ಹುಟ್ಟಿದ್ದು ಕೊಡಗಿನಲ್ಲಿ. ಕೈಲ್ ಪೊಳ್ದ್ ಹಬ್ಬದ ದಿನ ಮನೆಯ ತೋಕ್‌ಗೆ (ಬಂದೂಕಿಗೆ) ಹೂ ಮುಡಿಸಿ ಪೂಜೆ ಮಾಡುವುದನ್ನೂ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹಿರಿಯರು ಗುರಿ ಹಿಡಿಯುವುದನ್ನೂ ನೋಡುತ್ತ ಬೆಳೆದವನು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದ ನನಗೆ ಬೇಟೆ ಎಂಬುದು ಅಜ್ಜನ ಬಾಯಿಂದ ಕೇಳಿದ ಕಥೆಯಷ್ಟೇ ಆಗಿತ್ತು. ಅಮೆರಿಕಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿ, ಪರವಾನಗಿ ಕೊಂಡ ಮೇಲೆಯೇ ನಾನು ಮೊದಲ ಸಲ ಬೇಟೆಗೆ ಕಾಡು ಹೊಕ್ಕಿದ್ದು. ಬಂದೂಕಿನ ಪರಿಚಯವಿತ್ತೇ ಹೊರತು ಗುಂಡು ಪ್ರಾಣಿಯ ಮೈಯೊಳಗೆ ಏನು ಮಾಡುತ್ತದೆ ಎಂಬ ತಿಳಿವಳಿಕೆ ಇರಲಿಲ್ಲ.

ಕಾನೂನಿನ ಮಟ್ಟಿಗೆ ವಿಸ್ಕಾನ್ಸಿನ್ ಉದಾರಿ. ಕೈಬಂದೂಕಿನ ತೋಟಾ .22 ಅಂಗುಲ ಅಥವಾ ಅದಕ್ಕಿಂತ ದೊಡ್ಡ ವ್ಯಾಸದ, ಕೇಪು ನಟ್ಟನಡುವೆ ಇರುವ ಬಗೆಯದಾಗಿರಬೇಕು. ಹೊಡೆಯುವ ಸೂಜಿಯಿಂದ ನಳಿಗೆಯ ಬಾಯಿಯವರೆಗೆ ಐದೂವರೆ ಅಂಗುಲವಾದರೂ ಉದ್ದವಿರಬೇಕು. ಒಹಾಯೊದಲ್ಲಿ ಇದ್ದಿದ್ದರೆ .357 ಅಥವಾ ಅದಕ್ಕೂ ದೊಡ್ಡದಾದ, ಕೋಶದ ಗೋಡೆ ನೇರವಾಗಿರುವ, ಕತ್ತು ಕಿರಿದಾಗದ ತೋಟಾಗಳನ್ನು ಮಾತ್ರ ಬಳಸಬಹುದಿತ್ತು, ಆಗ ಈ ಬರಹದ ಅರ್ಧ ಭಾಗಕ್ಕೆ ಕೆಲಸವೇ ಇರುತ್ತಿರಲಿಲ್ಲ. ವಿಸ್ಕಾನ್ಸಿನ್ನಿನ ನಿಯಮದ ಪ್ರಕಾರ .223 ತೋಟಾದಿಂದಲೂ ಜಿಂಕೆ ಹೊಡೆಯಬಹುದು. ಗಿಡ್ಡ ನಳಿಗೆಯಿಂದ ಅಷ್ಟು ಹಗುರವಾದ ಗುಂಡನ್ನು ಜಿಂಕೆಯ ಮೇಲೆ ಹಾರಿಸಲು ನನಗೆ ಮನಸ್ಸು ಬರಲಿಲ್ಲ. ಕಾನೂನು ಹಾಕಿದ ಗೆರೆ ಕನಿಷ್ಠದ ಗೆರೆ. ಪ್ರಾಣಿಯ ಕಡೆಯಿಂದ ನೋಡಿದರೆ ಗೆರೆ ಇನ್ನೂ ಮೇಲಿರಬೇಕು ಎನಿಸಿತು.

ಮೊದಲು ಕೊಂಡದ್ದು .44 ಮ್ಯಾಗ್ನಮ್ ತೋಟಾದ 10 ಅಂಗುಲದ ನಳಿಗೆ. ಹೆಸರಿನ ದೊಡ್ಡಸ್ತಿಕೆಗೆ ಸೋತೆ ಎಂದು ಒಪ್ಪಿಕೊಳ್ಳುತ್ತೇನೆ. ಅದು ಕೆಟ್ಟ ತೋಟಾ ಖಂಡಿತ ಅಲ್ಲ. 240 ಗ್ರೇನ್ (ಸುಮಾರು ಹದಿನೈದೂವರೆ ಗ್ರಾಂ) ತೂಕದ ಗುಂಡು ನನ್ನ ನಳಿಗೆಯಿಂದ ಸೆಕೆಂಡಿಗೆ ಸುಮಾರು 1,450 ಅಡಿ ವೇಗದಲ್ಲಿ ಹೊರಡುತ್ತಿತ್ತು, ಅಗಲವಾದ ರಂಧ್ರ ಮಾಡಿ ಆಚೆ ಬದಿಯಿಂದ ಹೊರಬೀಳುವ ಶಕ್ತಿ ಅದಕ್ಕಿತ್ತು. ಆದರೆ ಐವತ್ತು ಗಜಕ್ಕೆ ಗುರಿ ಹೊಂದಿಸಿದರೆ ನೂರು ಗಜದಲ್ಲಿ ಗುಂಡು ನಾಲ್ಕು ಅಂಗುಲದಷ್ಟು ಕೆಳಗಿಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅದರ ಹಿನ್ನೂಕು. ಹಗುರವಾದ ಬಂದೂಕು ಅಂಗೈಯೊಳಗೆ ಜಿಗಿಯುತ್ತಿತ್ತು. ಇಪ್ಪತ್ತು ತೋಟಾ ಮುಗಿಯುವಷ್ಟರಲ್ಲಿ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಮಣಿಕಟ್ಟು ಬಿಗಿಯುವ, ಕಣ್ಣು ಮುಚ್ಚುವ ಅಭ್ಯಾಸ ಅಂಟಿಕೊಂಡಿತು. ಒಮ್ಮೆ ಅಂಟಿದ ಆ ಬೆದರನ್ನು ಬಿಡಿಸಿಕೊಳ್ಳಲು .22 ರಿಮ್‌ಫೈರ್ ನಳಿಗೆ ಹಾಕಿಕೊಂಡು ಒಂದು ಇಡೀ ಬೇಸಿಗೆ ಕಾಗದದ ಗುರಿಗೆ ಹೊಡೆಯಬೇಕಾಯಿತು. ಇದೇ ಕಾರಣಕ್ಕೆ, ಇನ್ನೂ ಜೋರಾಗಿ ಹಿನ್ನೂಕುವ .45-70 ನಳಿಗೆಯನ್ನು ಗೆಳೆಯರೊಬ್ಬರು ಕಡಿಮೆ ಬೆಲೆಗೆ ಕೊಡಲು ಬಂದಾಗ ಕೈ ಮುಗಿದೆ.

ರೈಫಲ್ ತೋಟಾದ ಕಡೆ ತಿರುಗಿದಾಗ ಮೊದಲು ನೋಡಬೇಕಾದದ್ದು ಬಂದೂಕಿನ ದೇಹ ಎಷ್ಟು ಒತ್ತಡ ತಾಳುತ್ತದೆ ಎಂಬುದನ್ನು. .308 ವಿಂಚೆಸ್ಟರ್ ತೋಟಾದ ಗರಿಷ್ಠ ಒತ್ತಡದ ಮಿತಿ ಚದರ ಅಂಗುಲಕ್ಕೆ 62,000 ಪೌಂಡ್; .30-30 ವಿಂಚೆಸ್ಟರಿನದು 42,000, 7-30 ವಾಟರ್ಸಿನದು 45,000. ಕಂಟೆಂಡರ್ ಇರುವುದು ಈ ಎರಡನೆಯ ಗುಂಪಿಗೆ. .308 ಬೇಕೆಂದರೆ ಅದೇ ಕಂಪನಿಯ ಎನ್‌ಕೋರ್ ಎಂಬ ದಪ್ಪ ದೇಹದ ಬಂದೂಕು ಕೊಳ್ಳಬೇಕು, ಅದನ್ನು ಹೊತ್ತು ಹಿಮದಲ್ಲಿ ನಡೆಯುವ ಸುಖ ನನಗೆ ಬೇಡವಾಗಿತ್ತು. .35 ರೆಮಿಂಗ್ಟನ್ ಬಗ್ಗೆ ಸ್ವಲ್ಪ ದಿನ ಆಸೆಪಟ್ಟೆ. 1906ರ ಹಳೆಯ ತೋಟಾ, 200 ಗ್ರೇನಿನ ಗುಂಡು, ಕಾಡಿಗೆ ಹೇಳಿ ಮಾಡಿಸಿದ್ದು. ಆದರೆ ಅದರ ಕೋಶಕ್ಕೆ ಹೊರಚಾಚಿದ ಅಂಚಿಲ್ಲ, ಕೋಶ ಕತ್ತಿನತ್ತ ಕಿರಿದಾಗುವ ಭುಜವೂ ಸಣ್ಣದು. ಕಂಟೆಂಡರಿನ ಸುತ್ತಿಗೆ ಬಲವಾಗಿ ಬಡಿದಾಗ ಕೋಶ ಮುಂದಕ್ಕೆ ಸರಿದು ಕೇಪಿಗೆ ಪೂರ್ತಿ ಪೆಟ್ಟು ಬೀಳದಿರುವ ಸಾಧ್ಯತೆ ಇದೆ. ಮಡಚಿ ತೆರೆಯುವ ಬಂದೂಕಿಗೆ ಅಂಚಿರುವ ಕೋಶವೇ ಸಹಜ ಜೋಡಿ: ಅಂಚು ನಳಿಗೆಯ ಹಿಂಬದಿಗೆ ತಗುಲಿ ನಿಲ್ಲುತ್ತದೆ, ಹೊರತೆಗೆಯುವುದಕ್ಕೂ ಹಿಡಿತ ಸಿಗುತ್ತದೆ.

ಉಳಿದದ್ದು ಎರಡು: 1895ರಿಂದ ಬಳಕೆಯಲ್ಲಿರುವ .30-30, ಮತ್ತು ಅದೇ ಕೋಶದ ಕತ್ತನ್ನು ಏಳು ಮಿಲಿಮೀಟರಿಗೆ ಕಿರಿದುಗೊಳಿಸಿ ಕೆನ್ ವಾಟರ್ಸ್ ರೂಪಿಸಿದ 7-30 ವಾಟರ್ಸ್.

.30-30ರ ಪೆಟ್ಟಿಗೆಯ ಮೇಲೆ 150 ಗ್ರೇನಿನ ಗುಂಡಿನ ವೇಗ 2,390 ಅಡಿ ಎಂದು ಮುದ್ರಿಸಿರುತ್ತಾರೆ. ಅದು 24 ಅಂಗುಲದ ನಳಿಗೆಯ ಲೆಕ್ಕ. ನನ್ನ 14 ಅಂಗುಲದ ನಳಿಗೆಯ ಮುಂದೆ ವೇಗಮಾಪಕ ಇಟ್ಟು ಅದೇ ತೋಟಾಗಳನ್ನು ಹಾರಿಸಿದಾಗ ಸರಾಸರಿ 2,050ರ ಆಸುಪಾಸು ಬಂತು. ಮೊದಲು ನಿರಾಸೆಯಾಯಿತು. ಆಮೇಲೆ ತಯಾರಕರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ: ರೈಫಲ್ಲಿನಿಂದ ಹೊರಟ ಅದೇ ಗುಂಡು ನೂರು ಗಜದಲ್ಲಿ 2,018 ಅಡಿ ವೇಗದಲ್ಲೂ, ಇನ್ನೂರು ಗಜದಲ್ಲಿ 1,684 ಅಡಿ ವೇಗದಲ್ಲೂ ಇರುತ್ತದೆ. ಅಂದರೆ ನನ್ನ ಕೈಬಂದೂಕಿನ ಬಾಯಲ್ಲಿ ಗುಂಡಿಗೆ ಇರುವ ಸ್ಥಿತಿ, ರೈಫಲ್ಲಿನ ಗುಂಡು ನೂರು ಗಜ ಸಾಗಿದ ಮೇಲೆ ಇರುವ ಸ್ಥಿತಿಯೇ. ನಾನು ನೂರು ಗಜಕ್ಕೆ ಹೊಡೆದರೆ ರೈಫಲ್ಲಿನವನು ಇನ್ನೂರು ಗಜಕ್ಕೆ ಹೊಡೆದಂತೆ. ಇಷ್ಟು ಹೊಳೆದ ಮೇಲೆ ಲೆಕ್ಕಗಳೆಲ್ಲ ಹಗುರವಾದವು, ಏಕೆಂದರೆ .30-30 ರೈಫಲ್ಲಿನಿಂದ ಇನ್ನೂರು ಗಜದಲ್ಲಿ ಜಿಂಕೆ ಬೀಳಿಸಿದವರು ಈ ರಾಜ್ಯದ ಪ್ರತಿಯೊಂದು ಊರಿನಲ್ಲೂ ಇದ್ದಾರೆ.

ಆದರೆ ಇಲ್ಲಿಯೇ ಗುಂಡಿನ ಪ್ರಶ್ನೆ ಎದುರಾಗುತ್ತದೆ. ಸನ್ನೆಗೋಲು ಹಿಂದೆಮುಂದೆ ಎಳೆಯುವ ರೈಫಲ್‌ಗಳಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೆ ಒಂದು ಮಲಗಿರುತ್ತವೆ. ಗುಂಡಿನ ಮೂತಿ ಚೂಪಾಗಿದ್ದರೆ ಮುಂದಿನ ತೋಟಾದ ಕೇಪನ್ನು ಚುಚ್ಚಿ ಅನಾಹುತವಾದೀತೆಂದು .30-30ರ ಗುಂಡುಗಳಿಗೆ ಚಪ್ಪಟೆ ಮೂತಿ. ಒಂಟಿ ತೋಟಾದ ಬಂದೂಕಿಗೆ ಆ ಭಯವಿಲ್ಲ, ಹಾಗಾಗಿ ಗಾಳಿಯನ್ನು ಚೆನ್ನಾಗಿ ಸೀಳುವ ಚೂಪು ಗುಂಡು ತುಂಬಿದರೆ ಲಾಭವೆಂದು ನಾನೂ ಎಣಿಸಿದೆ; .30-06 ರೈಫಲ್‌ಗೆಂದು ಮಾಡಿದ 150 ಗ್ರೇನಿನ ಚೂಪು ಗುಂಡುಗಳನ್ನು .30-30 ಕೋಶಗಳಿಗೆ ನಾನೇ ತುಂಬಿ ತೋಟಾ ಮಾಡಿಕೊಂಡೆ. ಕಾಗದದ ಗುರಿಯ ಮೇಲೆ ಅವು ಒತ್ತೊತ್ತಾಗಿ ಬಿದ್ದವು. ಅನುಮಾನ ಪರಿಹಾರಕ್ಕೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿದ ದಿನಪತ್ರಿಕೆಗಳ ಕಟ್ಟನ್ನು ಎಂಬತ್ತು ಗಜದಲ್ಲಿಟ್ಟು ಹೊಡೆದು ನೋಡಿದಾಗ, ಆ ಗುಂಡುಗಳು ಮೂತಿ ಸ್ವಲ್ಪ ಸೊಟ್ಟಗಾದದ್ದು ಬಿಟ್ಟರೆ ಹೋದ ಹಾಗೆಯೇ ಕಟ್ಟಿನ ಕೊನೆಯಲ್ಲಿ ಸಿಕ್ಕವು. ದಬ್ಬಣದಿಂದ ಚುಚ್ಚಿದಂಥ ತೂತು. ಅವುಗಳ ತಾಮ್ರದ ಕವಚ ಹೆಚ್ಚಿನ ವೇಗದ ಪೆಟ್ಟು ತಾಳಲೆಂದು ದಪ್ಪವಾಗಿ ಮಾಡಿದ್ದು. ನನ್ನ ನಳಿಗೆಯಿಂದ ಎಂಬತ್ತು ಗಜದಲ್ಲಿ ಉಳಿಯುವ ವೇಗ ಅದಕ್ಕೆ ಸಾಲದು. ಮಾಮೂಲಿ ಚಪ್ಪಟೆ ಮೂತಿಯ .30-30 ಗುಂಡು ಅದೇ ಕಟ್ಟಿನಲ್ಲಿ ಅಣಬೆಯಂತೆ ಅರಳಿ ಅರ್ಧ ಅಂಗುಲಕ್ಕೂ ಮೀರಿದ ಅಗಲಕ್ಕೆ ಬಂದಿತ್ತು. ಅದರ ಕವಚ ತೆಳು, ಮೂತಿಯ ಸೀಸ ಮೆದು. ಕಡಿಮೆ ವೇಗದಲ್ಲಿ ಅರಳುವುದೇ ಅದರ ಹುಟ್ಟುಗುಣ. ಆ ಎರಡು ಗುಂಡುಗಳನ್ನೂ ಇಂದಿಗೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

7-30 ವಾಟರ್ಸ್ ಈ ತೊಡಕನ್ನು ಬೇರೆ ದಾರಿಯಲ್ಲಿ ಬಿಡಿಸುತ್ತದೆ. 120 ಗ್ರೇನಿನ, ಬೇಗ ಅರಳುವ ಚೂಪು ಗುಂಡು 14 ಅಂಗುಲದ ನಳಿಗೆಯಿಂದ 2,400ರ ಆಸುಪಾಸಿನಲ್ಲಿ ಹೊರಟು ನೂರು ಗಜದಲ್ಲೂ 2,200 ಅಡಿ ವೇಗ ಉಳಿಸಿಕೊಳ್ಳುತ್ತದೆ. ಹಿನ್ನೂಕು ಕಡಿಮೆ, ಹಾರುವ ದಾರಿ ನೇರ. ಎರವಲು ತಂದ ನಳಿಗೆಯಿಂದ ಹೊಡೆದ ಮೊದಲ ದಿನವೇ ನಾನು ಅದಕ್ಕೆ ಮರುಳಾದೆ. ಕಾಗದದ ಮೇಲೆ ಹೋಲಿಸಿದರೆ .30-30 ಯಾವ ಅಂಕಣದಲ್ಲೂ ಅದನ್ನು ಸೋಲಿಸುವುದಿಲ್ಲ. ಹಾಗಿದ್ದೂ ನಾನು .30-30 ಆರಿಸಿದೆ, ಕಾರಣ ನನ್ನ ಕೈ.

ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ ಹೊಡೆದಾಗ ಎರಡೂ ನಳಿಗೆಗಳು ನೂರು ಗಜದಲ್ಲಿ ಎರಡು ಅಂಗುಲದೊಳಗೆ ಗುಂಡುಗಳನ್ನು ಕೂಡಿಸುತ್ತಿದ್ದವು. ಆದರೆ ಕಾಡಿನಲ್ಲಿ ಮೇಜಿಲ್ಲ. ನೆಲದ ಮೇಲೆ ಕುಳಿತು, ಮೊಣಕಾಲಿಗೆ ಮೊಣಕೈ ಊರಿ, ಅಡ್ಡಕೋಲಿನ ಮೇಲೆ ಬಂದೂಕಿಟ್ಟು, ದಪ್ಪ ಕೋಟು ತೊಟ್ಟುಕೊಂಡು ಹೊಡೆದರೆ ಅದೇ ಎರಡು ಅಂಗುಲ ನೂರು ಗಜದಲ್ಲಿ ಎಂಟು ಅಂಗುಲಕ್ಕೆ ಹಿಗ್ಗಿತು. ಬಿಳಿಬಾಲದ ಜಿಂಕೆಯ ಎದೆಯಲ್ಲಿ ಶ್ವಾಸಕೋಶ ಮತ್ತು ಹೃದಯ ಇರುವ ಜಾಗ ಹೆಚ್ಚುಕಡಿಮೆ ಅಷ್ಟೇ ಅಗಲ. ಅಂದರೆ ನೂರು ಗಜದಲ್ಲಿ ನನಗೆ ತಪ್ಪಿಗೆ ಎಡೆಯೇ ಇಲ್ಲ. ಎಂಬತ್ತು ಗಜದಲ್ಲಿ ಆರು ಅಂಗುಲ ಸಿಗುತ್ತಿತ್ತು; ಅಲ್ಲಿಗೆ ಗೆರೆ ಎಳೆದೆ. ಹೆಗಲಿಗೆ ಆನಿಸುವ ಹಿಡಿ ಹಾಕಿಕೊಂಡರೆ ಆಗದೇ ಎಂದು ಕೇಳಿದವರಿದ್ದಾರೆ. 16 ಅಂಗುಲಕ್ಕಿಂತ ಗಿಡ್ಡ ನಳಿಗೆಗೆ ಅಂಥ ಹಿಡಿ ಜೋಡಿಸಿದರೆ ಅದು ಇಲ್ಲಿನ ಕಾನೂನಿನಲ್ಲಿ ಬೇರೆಯೇ ನೋಂದಣಿ ಬೇಡುವ ಆಯುಧವಾಗುತ್ತದೆ. ಈ ಬಂದೂಕಿನ ತಯಾರಕರೇ ಇಂಥ ಜೋಡಣೆಯ ಪ್ರಶ್ನೆ ಹಿಡಿದು 1992ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಆ ತಂಟೆ ನನಗೆ ಬೇಡ.

ಹೀಗೆ ಎಂಬತ್ತು ಗಜವೇ ನನ್ನ ಎಲ್ಲೆ ಎಂದಾದ ಮೇಲೆ 7-30ರ ಹೆಚ್ಚುಗಾರಿಕೆ ಶುರುವಾಗುವ ಜಾಗದಲ್ಲಿ ನನ್ನ ಕೈ ಮುಗಿದಿರುತ್ತದೆ. ನೂರು ಗಜಕ್ಕೆ ಹೊಂದಿಸಿದ .30-30 ಐವತ್ತು ಗಜದಲ್ಲಿ ಅರ್ಧ ಅಂಗುಲದ ಚಿಲ್ಲರೆ ಮೇಲೆ ಬೀಳುತ್ತದೆ, ಆದ್ದರಿಂದ ಎಲ್ಲೆಯೊಳಗೆ ನಾನು ಯಾವ ಲೆಕ್ಕವನ್ನೂ ಹಾಕಬೇಕಿಲ್ಲ. 7-30 ತೋಟಾಕ್ಕೆ ಪೇಟೆಯ ದೊಡ್ಡ ಅಂಗಡಿಯಲ್ಲೂ ಹೆಸರು ಬರೆಸಿ ಕಾಯಬೇಕು; .30-30 ಪೆಟ್ಟಿಗೆ ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಹಗ್ಗಗಳ ಪಕ್ಕದಲ್ಲೇ ಇರುತ್ತದೆ. ದೂರದ ಹೊಲದಂಚಿನಲ್ಲಿ ಕುಳಿತು ನೂರೈವತ್ತು ಗಜಕ್ಕೆ ಸ್ಥಿರವಾಗಿ ಹೊಡೆಯಬಲ್ಲ, ತೋಟಾವನ್ನು ತಾವೇ ತುಂಬಿಕೊಳ್ಳುವ ಅಭ್ಯಾಸವಿರುವವರು ವಾಟರ್ಸನ್ನೇ ಕೊಳ್ಳಲಿ; ಅವರೊಡನೆ ನನಗೆ ವಾದವಿಲ್ಲ. 170 ಗ್ರೇನಿನ .30-30 ಗುಂಡನ್ನು ಮಾತ್ರ ಗಿಡ್ಡ ನಳಿಗೆಗೆ ಯಾರಿಗೂ ಸೂಚಿಸುವುದಿಲ್ಲ. ಹೊರಡುವಾಗಲೇ ಅದು ನಿಧಾನ.

ನಾನೂ ತೋಟಾ ತುಂಬುತ್ತೇನೆ, ಆದರೆ ಅಭ್ಯಾಸಕ್ಕೆ ಮಾತ್ರ. ಅದಕ್ಕೊಂದು ಕಾರಣವಿದೆ. ಎರಡನೆಯ ವರ್ಷ ಐವತ್ತು ಗಜದಲ್ಲಿ ಬದಿ ತೋರಿಸಿ ನಿಂತ ಹೆಣ್ಣು ಜಿಂಕೆಯ ಮೇಲೆ ಗುರಿ ಹಿಡಿದು ಕುದುರೆ ಎಳೆದೆ. ಸುತ್ತಿಗೆ ಟಕ್ ಎಂದಿತು, ಅಷ್ಟೇ. ಜಿಂಕೆ ತಲೆಯೆತ್ತಿ ನೋಡಿ, ಬಾಲದ ಬಿಳಿ ಎತ್ತಿ ಹೊರಟುಹೋಯಿತು. ಸಿಡಿಯದ ತೋಟಾ ತಡವಾಗಿ ಸಿಡಿಯಬಹುದೆಂದು ನಳಿಗೆಯನ್ನು ನೆಲದತ್ತ ಹಿಡಿದು ಒಂದು ನಿಮಿಷ ಕಾದು ತೆಗೆದು ನೋಡಿದರೆ, ತಪ್ಪು ನನ್ನದೇ: ಕೇಪನ್ನು ಅದರ ಗುಳಿಯ ತಳದವರೆಗೆ ಒತ್ತಿರಲಿಲ್ಲ, ಸುತ್ತಿಗೆಯ ಪೆಟ್ಟು ಕೇಪನ್ನು ಒಳಗೆ ಕೂರಿಸುವುದರಲ್ಲೇ ಖರ್ಚಾಗಿತ್ತು. ಅಂದಿನಿಂದ ತುಂಬಿದ ಪ್ರತಿ ತೋಟಾದ ತಳದ ಮೇಲೆ ಬೆರಳಾಡಿಸುತ್ತೇನೆ, ಕಾಡಿಗೆ ಕಾರ್ಖಾನೆಯ ತೋಟಾ ಒಯ್ಯುತ್ತೇನೆ.

ದೂರದರ್ಶಕದಲ್ಲೂ ಇದೇ ಮಿತವ್ಯಯ ಅನ್ವಯಿಸಿತು. ತೋಳು ಚಾಚಿದ ದೂರದಿಂದ ನೋಡುವಂಥ ಕೈಬಂದೂಕಿನ ದೂರದರ್ಶಕವೇ ಬೇಕು. ಎರಡು ಪಟ್ಟು ಹಿಗ್ಗಿಸಿದರೆ ಸಾಕು. ಹೆಚ್ಚು ಹಿಗ್ಗಿಸಿದರೆ ಜಿಂಕೆಗಿಂತ ನನ್ನ ನಡುಕವೇ ದೊಡ್ಡದಾಗಿ ಕಾಣುತ್ತದೆ. ಗಿಡ್ಡ ನಳಿಗೆಯಲ್ಲಿ ಉರಿದು ಮುಗಿಯದ ಮದ್ದು ಬಾಯಿಯ ಹೊರಗೆ ಉರಿಯುವುದರಿಂದ ಸದ್ದೂ ಬೆಂಕಿಯೂ ಹೆಚ್ಚು. ಕಿವಿಗೆ ರಕ್ಷಣೆ ಇಲ್ಲದೆ ಒಂದು ತೋಟಾವನ್ನೂ ಹಾರಿಸಬಾರದು. ಮೆಲುದನಿಯನ್ನು ಒಳಬಿಟ್ಟು ಸಿಡಿತವನ್ನು ತಡೆಯುವ ಎಲೆಕ್ಟ್ರಾನಿಕ್ ಕಿವಿಮುಚ್ಚಿಗೆ ತೋಟಾಗಿಂತ ಮೊದಲು ದುಡ್ಡು ಎತ್ತಿಡಿ.

ಹೋದ ವರ್ಷ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಒಂಬತ್ತು ದಿನಗಳ ಋತು ಆರಂಭವಾದ ಬೆಳಗ್ಗೆ, ಸೀಡರ್ ಮರಗಳ ಜೌಗಿನ ಅಂಚಿನಲ್ಲಿ ಕಿತ್ತಳೆ ಕೋಟು ತೊಟ್ಟು ಕುಳಿತಿದ್ದೆ. ಎಂಟು ಗಂಟೆಯ ಹೊತ್ತಿಗೆ ಒಂದು ಎಳೆ ಗಂಡು ಜಿಂಕೆ ಬಲಬದಿ ತೋರಿಸುತ್ತ ಅರವತ್ತು ಗಜಕ್ಕೆ ಬಂದು ನಿಂತಿತು. ಅಡ್ಡಕೋಲಿನ ಮೇಲೆ ಕೈ ನಿಂತ ಮೇಲೆ ಸುತ್ತಿಗೆ ಎಳೆದೆ, ಮುಂಗಾಲಿನ ಹಿಂದೆ ದೂರದರ್ಶಕದ ಗೆರೆ ಕೂಡಿದಾಗ ಕುದುರೆ ಒತ್ತಿದೆ. ಜಿಂಕೆ ಬೆನ್ನು ಬಾಗಿಸಿ ಜಿಗಿದು, ನಲವತ್ತು ಗಜ ಓಡಿ, ಪೊದೆಯ ಆಚೆ ಬಿತ್ತು. ಗುಂಡು ಎರಡೂ ಶ್ವಾಸಕೋಶ ದಾಟಿ ಆಚೆ ಬದಿಯಿಂದ ಹೊರಹೋಗಿತ್ತು. ಮಾರನೆಯ ದಿನ ಸಂಜೆ ಐದರವರೆಗೆ ಅವಕಾಶವಿದ್ದರೂ ಅದೇ ಮಧ್ಯಾಹ್ನ ನೋಂದಣಿ ಮುಗಿಸಿದೆ. ಮನೆಗೆ ಬಂದು ಕೈಗವಸು ಕಳಚುವಾಗಲೇ ಗೊತ್ತಾದದ್ದು, ಎರಡನೆಯ ತೋಟಾ ಇಷ್ಟು ಹೊತ್ತೂ ಎಡಗೈ ಬೆರಳುಗಳ ಸಂದಿಯ ಕುಣಿಕೆಯಲ್ಲೇ ಇತ್ತು.