ಬಿಸಿಲಿನ ಕರೆಂಟನ್ನೇ ಕಡಿತ ಮಾಡಿದ ಲೆಕ್ಕ

ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಲ್ಲಿರುವಂಥ 250 ಮೆಗಾವ್ಯಾಟ್‌ನ ಒಂದು ಬ್ಲಾಕನ್ನು ಮಾದರಿಗೆ ಇಟ್ಟುಕೊಂಡು, ತುಮಕೂರಿನ ಮನೆಯಲ್ಲಿ ಆಪ್ಟಿಮಲ್ ಪವರ್ ಫ್ಲೋ (ಒಪಿಎಫ್: ಗ್ರಿಡ್ಡಿನ ಮಿತಿಗಳೊಳಗೆ ಯಾವ ಜನರೇಟರ್ ಎಷ್ಟು ಓಡಿದರೆ ಒಟ್ಟು ಖರ್ಚು ಕಡಿಮೆ ಎಂದು ಹುಡುಕುವ ಲೆಕ್ಕ) ಓಡಿಸುತ್ತಿದ್ದೆ. ಸೋಲಾರಿಗೆ ಇಂಧನ ಖರ್ಚು ಸೊನ್ನೆ. ಮಟಮಟ ಮಧ್ಯಾಹ್ನದ ಕೇಸು, ಲೈನಿನಲ್ಲಿ ಜಾಗವೂ ಇತ್ತು. ಆದರೂ ಪ್ರೋಗ್ರಾಂ ಸೋಲಾರನ್ನು ಇಳಿಸಿ ಥರ್ಮಲ್ ಜನರೇಟರನ್ನು ಏರಿಸಿತು. ಎರಡು ದಿನ ಲೈನ್ ಡೇಟಾದಲ್ಲೇ ತಪ್ಪು ಹುಡುಕಿದೆ.

ತಪ್ಪು ಇದ್ದದ್ದು ಪವರ್ ಫ್ಯಾಕ್ಟರಿನಲ್ಲಿ, ಅಂದರೆ ಒಟ್ಟು ಪವರಿನಲ್ಲಿ ಕೆಲಸಕ್ಕೆ ಬರುವ ಪಾಲು ಎಷ್ಟು ಎಂಬ ಅಂಕಿಯಲ್ಲಿ. ಕೆಲಸ ಮಾಡದೆ ವೋಲ್ಟೇಜನ್ನು ಏರಿಸುವ, ಇಳಿಸುವ ಇನ್ನೊಂದು ಭಾಗವೇ ರಿಯಾಕ್ಟಿವ್ ಪವರ್, ಅದರ ಅಳತೆ ಎಂವಿಎಆರ್. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ಕೇಳುವುದು 0.95 ಲ್ಯಾಗಿಂಗ್‌ನಿಂದ 0.95 ಲೀಡಿಂಗ್‌ವರೆಗೆ ಓಡಾಡುವ ಸಾಮರ್ಥ್ಯವನ್ನು; ಇಲ್ಲಿ ಲ್ಯಾಗಿಂಗ್ ಎಂದರೆ ರಿಯಾಕ್ಟಿವ್ ಪವರ್ ಕೊಡುವುದು, ಲೀಡಿಂಗ್ ಎಂದರೆ ಹೀರುವುದು. ನಾನು ಅದನ್ನು ಸಮೀಕರಣವಾಗಿ ಬರೆದು 0.95 ಲ್ಯಾಗಿಂಗ್ ಎಂದೇ ಬಿಗಿದುಬಿಟ್ಟಿದ್ದೆ. ಆಗ ಪ್ರತಿ ಮೆಗಾವ್ಯಾಟ್ ತನ್ನ ಜೊತೆ 0.3287 ಎಂವಿಎಆರ್ ಎಳೆದುಕೊಂಡೇ ಬರುತ್ತದೆ, 250ಕ್ಕೆ 82. ಬೇಡದಿದ್ದರೂ ಅಷ್ಟು ರಿಯಾಕ್ಟಿವ್ ಪವರ್ ಬಸ್ಸಿಗೆ (ಲೈನುಗಳು ಬಂದು ಸೇರುವ ಬಿಂದು) ಬಿದ್ದು ವೋಲ್ಟೇಜ್ ನಿಗದಿತ ಮಟ್ಟದ 1.05 ಪಟ್ಟಿನ ಮಿತಿಗೆ ಹೋಗಿ ತಗುಲಿತ್ತು. ಅದನ್ನು ಇಳಿಸಲು ಪ್ರೋಗ್ರಾಮಿಗೆ ಉಳಿದಿದ್ದ ದಾರಿ ಮೆಗಾವ್ಯಾಟನ್ನೇ ಕಡಿಯುವುದು.

ಸಮೀಕರಣ ತೆಗೆದು, ಈ ಲೆಕ್ಕ ಓಡಿಸುವ ಪ್ರೋಗ್ರಾಂ ಆದ ಮ್ಯಾಟ್‌ಪವರ್‌ನಲ್ಲಿ ಎರಡು ಸಾಲು ಸೇರಿಸಿದೆ: ರಿಯಾಕ್ಟಿವ್ ಪವರ್ ಮೆಗಾವ್ಯಾಟಿನ 0.3287 ಪಟ್ಟನ್ನು ಮೀರಬಾರದು, ಅದರ ಮೈನಸ್‌ಗಿಂತ ಕೆಳಗೂ ಹೋಗಬಾರದು. ಸೋಲಾರ್ ಪೂರ್ತಿ ವಾಪಸು ಬಂತು.

ಸಂಜೆಯ ಕೇಸಿನಲ್ಲಿ ಇದೇ ಸಾಲುಗಳು ಬೇರೆ ಪಾಠ ಕಲಿಸಿದವು. ಬಿಸಿಲು ಇಳಿದು ಬ್ಲಾಕು 50 ಮೆಗಾವ್ಯಾಟಿಗೆ ಬಂದಾಗ ಸಿಗುವುದು 16 ಎಂವಿಎಆರ್ ಮಾತ್ರ. ಆ ಸಮೀಕರಣಕ್ಕೂ ಹಿಂದಿನ ಮಾದರಿಗಳಲ್ಲಿ ನಾನು ಎಲ್ಲ ಹೊತ್ತಿಗೂ ±82 ಎಂದೇ ಬರೆಯುತ್ತಿದ್ದೆ. ಹಾಗಾಗಿ ನನ್ನ ಹಳೆಯ ಸಂಜೆ ವರದಿಗಳಲ್ಲಿ ವೋಲ್ಟೇಜ್ ಚೆನ್ನಾಗಿಯೇ ಕಂಡಿತ್ತು. ಪಾವಗಡದ ಕಡೆಯ ಒಂದು ಕಂಟ್ರೋಲ್ ರೂಮಿನಲ್ಲಿ ಸಂಜೆ ಆರರ ಹೊತ್ತಿಗೆ ಮೀಟರ್ ನೋಡುತ್ತಾ ನಿಂತಿದ್ದಾಗ ಶಿಫ್ಟಿನ ಹುಡುಗ ಹೇಳಿದ: "ಈ ಹೊತ್ನಲ್ಲಿ ಪಿಎಫ್ ನೋಡ್ಬೇಡಿ ಸಾರ್, ಎಂವಿಎಆರ್ ನೋಡಿ." ಮೆಗಾವ್ಯಾಟ್ ಕರಗುತ್ತಿದ್ದಂತೆ ಪವರ್ ಫ್ಯಾಕ್ಟರ್ ಅಂಕಿ ಕುಣಿಯುತ್ತಿತ್ತು, ಎಂವಿಎಆರ್ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಸೋಲಾರಿನ ಡಿಸಿ ಕರೆಂಟನ್ನು ಎಸಿ ಮಾಡುವ ಇನ್ವರ್ಟರಿಗೆ ಆ ಹೊತ್ತಿನಲ್ಲೂ ಎಂವಿಎಆರ್ ಕೊಡುವ ತಾಕತ್ತು ಇರುತ್ತದೆ. ಅದನ್ನು ಕಟ್ಟಿಹಾಕುವುದು ನಾವು ಬರೆದ ಅನುಪಾತ. ರಾತ್ರಿಯಂತೂ ಆ ಅನುಪಾತ ಸೊನ್ನೆಯನ್ನೇ ಕೊಡುತ್ತದೆ. 400 ಕೆವಿ ಲೈನು ಕಿಲೋಮೀಟರಿಗೆ ಸುಮಾರು ಅರ್ಧ ಎಂವಿಎಆರ್ ತಾನಾಗಿಯೇ ಹುಟ್ಟಿಸುವ ಹೊತ್ತು ಅದು. ಅದನ್ನು ಹೀರಿಕೊಳ್ಳಲು ರಿಯಾಕ್ಟರ್ ಎಂಬ ಸುರುಳಿ ಬೇಕೆಂಬುದು, ರಾತ್ರಿಗೂ ±82 ಬರೆದಿದ್ದ ಹಳೆಯ ಮಾದರಿಯಲ್ಲಿ ನನಗೆ ಕಾಣಲೇ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಬೆಲೆಯ ಸಂಗತಿ. ಪಕ್ಕದ ಬಸ್ಸಿನ ಥರ್ಮಲ್ ಜನರೇಟರಿಗೂ ಇದೇ ಮಿತಿ ಹಾಕಿದೆ. ಅದರ ಖರ್ಚು ಯೂನಿಟ್ಟಿಗೆ 5 ರೂಪಾಯಿ, ಬಸ್ಸಿನ ಬೆಲೆ (ಅಲ್ಲಿ ಇನ್ನೊಂದು ಯೂನಿಟ್ ಬೇಕಾದರೆ ಒಟ್ಟು ಖರ್ಚು ಏರುವಷ್ಟು) 4.80, ಆದರೂ ಓಡುತ್ತಿತ್ತು. ನೋಡಿದರೆ ಅಲ್ಲಿ ರಿಯಾಕ್ಟಿವ್ ಪವರಿಗೂ 61 ಪೈಸೆ ಬೆಲೆ ಬಂದಿತ್ತು, 0.3287ರಿಂದ ಗುಣಿಸಿದರೆ ಹೆಚ್ಚುಕಮ್ಮಿ 20 ಪೈಸೆ, ಖರ್ಚಿಗೂ ಬಸ್ಸಿನ ಬೆಲೆಗೂ ಇದ್ದ ವ್ಯತ್ಯಾಸ ಅಷ್ಟೇ. ಆ ಜನರೇಟರ್ ಹೆಚ್ಚಿಗೆ ಓಡುತ್ತಿದ್ದದ್ದು ಎಂವಿಎಆರ್‌ಗಾಗಿ. ಇದೇ ಲೆಕ್ಕದ ಸರಳ ರೂಪವಾದ ಡಿಸಿ ಒಪಿಎಫ್‌ನಲ್ಲಿ ರಿಯಾಕ್ಟಿವ್ ಪವರೇ ಇಲ್ಲ, ಅಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಈಗ ಉತ್ತರ ಬಂದ ತಕ್ಷಣ ಒಟ್ಟು ಖರ್ಚಿಗಿಂತ ಮೊದಲು ಆ ಎರಡು ಸಾಲುಗಳ ಮಲ್ಟಿಪ್ಲೈಯರ್, ಅಂದರೆ ಮಿತಿಯನ್ನು ಚೂರು ಸಡಿಲಿಸಿದರೆ ಖರ್ಚು ಎಷ್ಟು ಇಳಿಯುತ್ತದೆ ಎಂಬ ಅಂಕಿ, ನೋಡುತ್ತೇನೆ.